ಮಾಡೆಲ್‌ನ ಎಲ್ ನಿನೊ ವರ್ಷಗಳು ನಿಜದ ವರ್ಷಗಳಿಗೆ ತಾಳೆಯಾಗುತ್ತಿಲ್ಲ, ನಾನು ಎಲ್ಲಿ ತಪ್ಪುತ್ತಿದ್ದೇನೆ?

#1 ಅಲೆಗಣಕ

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಒಂದೇ ಗ್ರಾಫಿನ ಮುಂದೆ ಕೂತಿದ್ದೇನೆ. ಯಾರಾದರೂ ಒಮ್ಮೆ ನೋಡಿ ಹೇಳಿ.

ಲೋಕದ ಹವಾಮಾನ ಮಾಡೆಲ್‌ಗಳನ್ನು ಒಂದೇ ಥರ ಓಡಿಸಿ ಹೋಲಿಸುವ ಸಿಎಂಐಪಿ6 ಯೋಜನೆಯಲ್ಲಿ ಎಲ್ಲರಿಗೂ ಸಿಗುವ ಒಂದು ಮಾಡೆಲ್‌ನ 'ಹಿಸ್ಟಾರಿಕಲ್' ರನ್ (ಓಟ) ಇಳಿಸಿಕೊಂಡೆ. 1850ರಿಂದ 2014ರವರೆಗಿನದು. ಅದರಿಂದ ಕಡಲ ಮೇಲ್ಮೈ ತಾಪಮಾನ ತೆಗೆದು, ಎಲ್ ನಿನೊ (ಕೆಲವು ವರ್ಷಕ್ಕೊಮ್ಮೆ ಪೆಸಿಫಿಕ್‌ನ ಈ ಭಾಗ ಮಾಮೂಲಿಗಿಂತ ಬಿಸಿಯಾಗುವುದು) ಗುರುತಿಸುವ ನಿನೊ 3.4 ಅನ್ನುವ ಚೌಕದ ಸರಾಸರಿ ಹಾಕಿದೆ. ಅಂದರೆ ಪೆಸಿಫಿಕ್ ಸಾಗರದಲ್ಲಿ ಸಮಭಾಜಕದ ಆಚೀಚೆ 5 ಡಿಗ್ರಿ, ಪಶ್ಚಿಮ ರೇಖಾಂಶ 170ರಿಂದ 120ರವರೆಗೆ. ಪ್ರತಿ ತಿಂಗಳ ಸರಾಸರಿಯನ್ನು ಕಳೆದೆ, ನಿಧಾನವಾಗಿ ಬಿಸಿಯೇರುವ ಓಟವನ್ನೂ ತೆಗೆದೆ, ಆಮೇಲೆ ನಿಜವಾದ ಅಳತೆಯ ಗೆರೆಯನ್ನು ಅದರ ಮೇಲೆ ಹಾಕಿದೆ.

ಎರಡಕ್ಕೂ ಸಂಬಂಧವೇ ಇಲ್ಲ! 1982-83, 1997-98 ಎರಡೂ ದೊಡ್ಡ ಎಲ್ ನಿನೊಗಳು, ಎಲ್ಲರಿಗೂ ಗೊತ್ತಿರುವವು. ಮಾಡೆಲ್‌ನಲ್ಲಿ 1997ರ ಕೊನೆಗೆ ಪೆಸಿಫಿಕ್ ತಣ್ಣಗಿದೆ, ಎಲ್ ನಿನೊಗೆ ತಿರುವಾದ ಲಾ ನಿನಾ ಥರ. ಇನ್ನೆಲ್ಲೋ ಸಂಬಂಧವಿಲ್ಲದ ವರ್ಷದಲ್ಲಿ ಭಾರೀ ಎಲ್ ನಿನೊ ಬಂದು ಹೋಗಿದೆ. ಕಾರ್ಬನ್ ಡೈಆಕ್ಸೈಡ್, ಜ್ವಾಲಾಮುಖಿ, ಸೂರ್ಯನ ಬಿಸಿಲು ಎಲ್ಲವನ್ನೂ ನಿಜದ್ದೇ ಕೊಟ್ಟಿದ್ದಾರಲ್ವಾ? ಮತ್ತೆ ಯಾಕೆ ಹೀಗೆ? ದಿನಾಂಕ ಓದುವುದರಲ್ಲಿ ಎಡವಿದೆನಾ ಅಂತ ನಾಲ್ಕು ಸಲ ನೋಡಿದೆ.

#2 ನಿಧಾನಿ

ನಿಮ್ಮ ಲೆಕ್ಕ ಸರಿಯಾಗಿದೆ, ಗ್ರಾಫ್ ಕೂಡ ಸರಿಯಾಗಿದೆ. ಅದು ತಾಳೆಯಾಗಿದ್ದರೆ ನನಗೆ ಅನುಮಾನ ಬರುತ್ತಿತ್ತು.

ಹಿಸ್ಟಾರಿಕಲ್ ಅನ್ನುವ ಹೆಸರು ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಹೊರಗಿನಿಂದ ಬೀಳುವ ಒತ್ತಡ ಮಾತ್ರ ನಿಜದ್ದು. ಗಾಳಿಯಲ್ಲಿನ ಅನಿಲ, ಹೊಗೆಯ ಕಣ, ಜ್ವಾಲಾಮುಖಿ, ಬಿಸಿಲು, ಇಷ್ಟೇ. ಆದರೆ 1850ರ ಜನವರಿಯಲ್ಲಿ ಕಡಲೊಳಗೆ ಯಾವ ಪದರ ಎಷ್ಟು ಬಿಸಿಯಿತ್ತು, ಯಾವ ಅಲೆ ಎಲ್ಲಿಂದ ಹೊರಟು ಎಲ್ಲಿಗೆ ತಲುಪಿತ್ತು ಅಂತ ಯಾರು ಅಳೆದಿದ್ದಾರೆ? ಯಾರೂ ಇಲ್ಲ. ಹಾಗಾಗಿ ಮೊದಲು ಕೈಗಾರಿಕೆಗೂ ಮುಂಚಿನ ಸ್ಥಿತಿಯನ್ನು ಬದಲಿಸದೆ ಹಾಗೇ ಇಟ್ಟು ನೂರಾರು ವರ್ಷ ಮಾಡೆಲ್ ಓಡಿಸುತ್ತಾರೆ. ಅದು ಕಂಟ್ರೋಲ್ ರನ್. ಅದರಲ್ಲಿ ಯಾವುದೋ ಒಂದು ವರ್ಷದ ಕಡಲನ್ನು ಎತ್ತಿಕೊಂಡು, ಇದೇ 1850 ಅಂದುಕೊಂಡು, ಅಲ್ಲಿಂದ ಹಿಸ್ಟಾರಿಕಲ್ ಶುರು ಮಾಡುತ್ತಾರೆ. ಅಂದಮೇಲೆ ಆ ಕಡಲು ತನ್ನ ಪಾಡಿಗೆ ತಾನು ಏರಿಳಿಯುತ್ತದೆ, ನಮ್ಮ ಕಡಲಿನ ಕ್ಯಾಲೆಂಡರ್ ಅದಕ್ಕೆ ಗೊತ್ತಿಲ್ಲ.

ನಿಮ್ಮ ಫೈಲ್ ಹೆಸರು ನೋಡಿ. ಮಧ್ಯದಲ್ಲಿ ಆರ್1ಐ1ಪಿ1ಎಫ್1 ಅಂತ ಇರುತ್ತದೆ. ಆ ಆರ್ ಪಕ್ಕದ ಅಂಕಿ, ಅದು ಎಷ್ಟನೇ ಓಟ ಅಂತ ಹೇಳುತ್ತದೆ. ಅದೇ ಮಾಡೆಲ್‌ನ ಆರ್2, ಆರ್3 ಕೂಡ ಇಳಿಸಿ ಒಂದೇ ಗ್ರಾಫಿನಲ್ಲಿ ಹಾಕಿ. ಮೂರರಲ್ಲಿ ಮೂರು ಬೇರೆ ಬೇರೆ ಎಲ್ ನಿನೊ ಪಟ್ಟಿ ಸಿಗುತ್ತದೆ. ಮಾಡೆಲ್ ಒಂದೇ, ಕೊಟ್ಟ ಒತ್ತಡವೂ ಒಂದೇ.

#3 ಅಲೆಗಣಕ

ಈಗಷ್ಟೇ ಹಾಕಿ ನೋಡಿದೆ ನಿಧಾನಿ ಅವರೇ. ಮೂರೂ ಬೇರೆ ಬೇರೆ! ಆದರೆ ಒಂದು ವಿಷಯ ಅರ್ಥವಾಗುತ್ತಿಲ್ಲ. ಎಲ್ ನಿನೊ ಬರಲಿ ಅಂತ ಯಾರೂ ಹೇಳದೆ ಅದು ಮಾಡೆಲ್‌ನಲ್ಲಿ ಬರುವುದಾದರೂ ಹೇಗೆ?

#4 ನಿಧಾನಿ

ನನಗೆ ಈ ಕೆಲಸದಲ್ಲಿ ತುಂಬಾ ಇಷ್ಟವಾಗುವುದು ಇದೇ. ಲಕ್ಷಾಂತರ ಸಾಲಿನ ಆ ಕೋಡ್‌ನಲ್ಲಿ 'ಎಲ್ ನಿನೊ ಬರಲಿ' ಅಂತ ಒಂದು ಸಾಲೂ ಇರುವುದಿಲ್ಲ. ನೀರು ಹೇಗೆ ಹರಿಯಬೇಕು, ಬಿಸಿ ಹೇಗೆ ಹೋಗಬೇಕು, ಗಾಳಿ ನೀರನ್ನು ಹೇಗೆ ತಳ್ಳಬೇಕು ಅನ್ನುವ ಭೌತಶಾಸ್ತ್ರದ ಸಮೀಕರಣಗಳಷ್ಟೇ ಇರುತ್ತವೆ. ಸಮಭಾಜಕದ ಹತ್ತಿರ ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ವಾಣಿಜ್ಯ ಮಾರುತ ಬಿಸಿನೀರನ್ನು ಪಶ್ಚಿಮಕ್ಕೆ ಒತ್ತಿ ಗುಡ್ಡೆ ಹಾಕುತ್ತದೆ, ಪೂರ್ವದಲ್ಲಿ ಕೆಳಗಿನ ತಣ್ಣೀರು ಮೇಲೆ ಬರುತ್ತದೆ. ಪಶ್ಚಿಮ ಬಿಸಿ, ಪೂರ್ವ ತಂಪು, ಈ ವ್ಯತ್ಯಾಸವೇ ಮತ್ತೆ ಆ ಗಾಳಿಗೆ ಬಲ. ಯಾವುದೋ ಕಾರಣಕ್ಕೆ ಗಾಳಿ ಸ್ವಲ್ಪ ಸಡಿಲವಾದರೆ ಬಿಸಿನೀರು ಪೂರ್ವಕ್ಕೆ ಜಾರುತ್ತದೆ, ವ್ಯತ್ಯಾಸ ಕಡಿಮೆಯಾಗುತ್ತದೆ, ಗಾಳಿ ಇನ್ನೂ ಸಡಿಲ. ಯಾಕೋಬ್ ಬೆರ್ಕ್ನೆಸ್ 1969ರಲ್ಲಿ ಬಿಡಿಸಿ ಹೇಳಿದ್ದು ಈ ಸುತ್ತನ್ನೇ. ಕಡಲು ಮತ್ತು ಗಾಳಿಯನ್ನು ಜೋಡಿಸಿದ ಮಾಡೆಲ್ ಸರಿಯಿದ್ದರೆ ಈ ಸುತ್ತು ತಾನಾಗೇ ಹುಟ್ಟುತ್ತದೆ.

ಮೊದಲ ಜೋಡಿ ಮಾಡೆಲ್ ಬಂದಿದ್ದೂ 1969ರಲ್ಲೇ, ಸ್ಯುಕುರೊ ಮನಾಬೆ ಮತ್ತು ಕರ್ಕ್ ಬ್ರಯಾನ್ ಅವರದು. ಎಲ್ ನಿನೊಗಾಗಿಯೇ ಮಾಡಿದ ಚಿಕ್ಕ ಮಾಡೆಲ್ ಸ್ಟೀಫನ್ ಜೆಬಿಯಾಕ್, ಮಾರ್ಕ್ ಕೇನ್ ಅವರದು. ಅದನ್ನು ಇಟ್ಟುಕೊಂಡು 1986-87ರ ಎಲ್ ನಿನೊವನ್ನು ಮುಂಚಿತವಾಗಿ ಹೇಳಿದ್ದರು.

#5 ಹೊಸಬ_7

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಒಂದೇ ಮಾಡೆಲ್, ಒಂದೇ ಒತ್ತಡ ಅಂದರೆ ಉತ್ತರವೂ ಒಂದೇ ಬರಬೇಕಲ್ವಾ? ಕಂಪ್ಯೂಟರ್ ಪ್ರತಿ ಸಲ ಬೇರೆ ಬೇರೆ ಯಾಕೆ ಹೇಳುತ್ತದೆ?

#6 ಲೆಕ್ಕದಮನೆ

ಶುರುವಿನ ಸ್ಥಿತಿಯೂ ಅಕ್ಷರಶಃ ಒಂದೇ ಆಗಿದ್ದರೆ, ಅದೇ ಯಂತ್ರದಲ್ಲಿ ಅದೇ ಉತ್ತರ ಬರುತ್ತದೆ. ಕೂದಲೆಳೆಯಷ್ಟು ಬದಲಾದರೂ ಸಾಕು, ದಾರಿ ಬೇರೆ.

1961ರಲ್ಲಿ ಎಡ್ವರ್ಡ್ ಲೊರೆಂಜ್ ತಮ್ಮ ಚಿಕ್ಕ ಹವೆಯ ಮಾಡೆಲ್ ಅನ್ನು ಅರ್ಧದಿಂದ ಮತ್ತೆ ಓಡಿಸಲು ಹಿಂದಿನ ಓಟದಲ್ಲಿ ಮುದ್ರಿಸಿದ್ದ ಅಂಕಿಗಳನ್ನೇ ಟೈಪ್ ಮಾಡಿದರು. ಯಂತ್ರದ ಒಳಗೆ ಇದ್ದದ್ದು 0.506127, ಕಾಗದದ ಮೇಲೆ ಇದ್ದದ್ದು 0.506. ಸ್ವಲ್ಪ ಹೊತ್ತು ಎರಡೂ ಓಟ ಒಟ್ಟಿಗೇ ಹೋದವು. ಆಮೇಲೆ ದೂರವಾದವು. ಕೊನೆಗೆ ಒಂದಕ್ಕೊಂದು ಗುರುತೇ ಸಿಗದಷ್ಟು ಬೇರೆ ಹವೆ.

ಈಗ ಅದನ್ನೇ ಬೇಕೆಂದು ಮಾಡುತ್ತಾರೆ. ಅಮೆರಿಕದ ಸಿಇಎಸ್‌ಎಂ ಮಾಡೆಲ್‌ನ 'ಲಾರ್ಜ್ ಎನ್ಸೆಂಬಲ್', ಅಂದರೆ ಒಂದೇ ಮಾಡೆಲ್‌ನ ಬಹಳ ಓಟಗಳ ಗುಂಪು, 2015ರಲ್ಲಿ ಬಂತು. 1920ರಲ್ಲಿ ಶುರು, ಗಾಳಿಯ ತಾಪಮಾನದಲ್ಲಿ ಒಂದು ಡಿಗ್ರಿಯ ನೂರು ಲಕ್ಷ ಕೋಟಿಯಲ್ಲಿ ಒಂದು ಭಾಗದಷ್ಟು ಬದಲಾವಣೆ, ಅಷ್ಟೇ. ಯಾವ ಥರ್ಮಾಮೀಟರಿಗೂ ಸಿಗದ ವ್ಯತ್ಯಾಸ. ಕೆಲವೇ ವಾರಗಳಲ್ಲಿ ಪ್ರತಿ ಓಟದ ಹವೆಯೂ ಬೇರೆಯಾಗಿ, ವರ್ಷಗಳಲ್ಲಿ ಎಲ್ ನಿನೊಗಳೂ ಬೇರೆಯಾಗುತ್ತವೆ. ಅದೇ ಮಾಡೆಲ್‌ನ ಮುಂದಿನ ಆವೃತ್ತಿಯಲ್ಲಿ 100 ಓಟಗಳಿವೆ. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ 'ಗ್ರ್ಯಾಂಡ್ ಎನ್ಸೆಂಬಲ್' ಕೂಡ 100.

ಈ 100 ಓಟಗಳ ಸರಾಸರಿ ತೆಗೆದರೆ ಒಂದರ ಏರು ಇನ್ನೊಂದರ ಇಳಿತಕ್ಕೆ ಸರಿಹೋಗಿ ಕಡಲಿನ ಸ್ವಂತ ಏರಿಳಿತ ಅಳಿಸಿಹೋಗುತ್ತದೆ, ಹೊರಗಿನ ಒತ್ತಡ ಮಾಡಿದ್ದು ಮಾತ್ರ ಉಳಿಯುತ್ತದೆ. ಆ ಸರಾಸರಿಯಿಂದ ಒಂದೊಂದು ಓಟ ಎಷ್ಟು ದೂರ ಹೋಗುತ್ತದೋ ಅದು ಸ್ವಂತ ಏರಿಳಿತ. ನಿಜದ ದಾಖಲೆಯಲ್ಲಿ ಇವೆರಡನ್ನೂ ಹೀಗೆ ಬಿಡಿಸಲು ಆಗುವುದೇ ಇಲ್ಲ, ಯಾಕೆಂದರೆ ನಮಗೆ ಇರುವುದು ಒಂದೇ ಓಟ.

#7 ಎದುರುಗಾಳಿ

ನಿಮ್ಮೆಲ್ಲರ ಮಾತು ಓದಿದೆ. ನನಗೆ ಒಂದು ಗಟ್ಟಿ ತಕರಾರಿದೆ. 100 ಓಟ, 100 ಇತಿಹಾಸ. ನಿಜದಲ್ಲಿ ಏನೇ ಆದರೂ "ಅದು ಈ 100ರ ಹರವಿನೊಳಗೆ ಇದೆ" ಅಂತ ಹೇಳಿಬಿಡಬಹುದು. ಮಾಡೆಲ್ ತಪ್ಪು ಅಂತ ತೋರಿಸುವ ದಾರಿಯೇ ಇಲ್ಲದಿದ್ದರೆ ಅದು ವಿಜ್ಞಾನ ಹೇಗಾಗುತ್ತದೆ? ನಾನು ಜಗಳಕ್ಕೆ ಕೇಳುತ್ತಿಲ್ಲ, ಅರ್ಥ ಮಾಡಿಕೊಳ್ಳಬೇಕು ಅಂತಲೇ ಕೇಳುತ್ತಿದ್ದೇನೆ.

#8 ಲೆಕ್ಕದಮನೆ

ಒಳ್ಳೆಯ ತಕರಾರು. ಉತ್ತರ ಎರಡು ಕಡೆಯಿಂದ ಬರುತ್ತದೆ.

ಹೊರಗಿನ ಒತ್ತಡ ದೊಡ್ಡದಾಗಿದ್ದಾಗ ಮಾಡೆಲ್ ನೇರವಾಗಿ ಸಿಕ್ಕಿಬೀಳುತ್ತದೆ. 1991ರ ಜೂನ್‌ನಲ್ಲಿ ಪಿನಟುಬೊ ಜ್ವಾಲಾಮುಖಿ ಸಿಡಿಯಿತು. ಜೇಮ್ಸ್ ಹ್ಯಾನ್ಸನ್ ತಂಡ ಮಾಡೆಲ್ ಓಡಿಸಿ, ಭೂಮಿ ಸುಮಾರು ಅರ್ಧ ಡಿಗ್ರಿ ತಣ್ಣಗಾಗುತ್ತದೆ, 1992ರ ಹೊತ್ತಿಗೆ ಅದು ಕಾಣುತ್ತದೆ, ಆಮೇಲೆ ಮತ್ತೆ ಮೇಲೇರುತ್ತದೆ ಅಂತ ಆಗುವ ಮೊದಲೇ ಪ್ರಕಟಿಸಿತು. ಹಾಗೇ ಆಯಿತು. ಆಗದಿದ್ದರೆ ಮಾಡೆಲ್ ತಪ್ಪು ಅಂತ ಎಲ್ಲರೂ ಒಪ್ಪಬೇಕಿತ್ತು.

ಸ್ವಂತ ಏರಿಳಿತದ ವಿಷಯದಲ್ಲಿ ವರ್ಷ ನೋಡಬಾರದು, ಸ್ವಭಾವ ನೋಡಬೇಕು. ಎಲ್ ನಿನೊ ಎಷ್ಟು ವರ್ಷಕ್ಕೊಮ್ಮೆ ಬರುತ್ತದೆ, ಎಷ್ಟು ಬಿಸಿಯಾಗುತ್ತದೆ, ವರ್ಷದ ಯಾವ ತಿಂಗಳಲ್ಲಿ ಶಿಖರ ಮುಟ್ಟುತ್ತದೆ. ನಿಜದಲ್ಲಿ ಅದು ನವೆಂಬರ್-ಜನವರಿಯಲ್ಲಿ ತುದಿ ಮುಟ್ಟುತ್ತದೆ. ಬೇರೆ ತಿಂಗಳಲ್ಲಿ ಮುಟ್ಟಿಸುವ ಮಾಡೆಲ್‌ಗಳಿದ್ದವು, ಈಗಲೂ ಕೆಲವು ಇವೆ. ಎರಡೇ ವರ್ಷಕ್ಕೊಮ್ಮೆ ಗಡಿಯಾರದಂತೆ ಎಲ್ ನಿನೊ ತರುವ ಮಾಡೆಲ್‌ಗಳೂ ಇದ್ದವು. ಇವು ತಪ್ಪು, ಎಷ್ಟು ಓಟ ಹಾಕಿದರೂ ತಪ್ಪೇ. ಹರವು ದೊಡ್ಡದಿದ್ದಷ್ಟೂ ಒಳ್ಳೆಯದು ಅಂತಲೂ ಅಲ್ಲ. ನಿಜದ ಗೆರೆ ಯಾವಾಗಲೂ ಹರವಿನ ನಟ್ಟನಡುವೆಯೇ ಓಡಾಡುತ್ತಿದ್ದು ಅಂಚಿಗೆ ಬರುವುದೇ ಇಲ್ಲವೆಂದರೆ, ಮಾಡೆಲ್ ಬೇಕಾದ್ದಕ್ಕಿಂತ ಜಾಸ್ತಿ ಕುಣಿಯುತ್ತಿದೆ ಅಂತ ಅರ್ಥ. ಅದೂ ತಪ್ಪೇ.

#9 ನಿಧಾನಿ

ಇದಕ್ಕೆ ಸೇರಿಸಬೇಕಾದ ಒಂದು ಮಾತಿದೆ. ಸ್ವಭಾವ ನೋಡಬೇಕು ಅಂದರೂ ನಮ್ಮ ದಾಖಲೆ ಚಿಕ್ಕದು. ಆಂಡ್ರ್ಯೂ ವಿಟೆನ್‌ಬರ್ಗ್ 2009ರಲ್ಲಿ ಒಂದು ಮಾಡೆಲ್‌ನ 2000 ವರ್ಷದ ಕಂಟ್ರೋಲ್ ರನ್ ನೋಡಿದರು. ಹೊರಗಿನಿಂದ ಏನೂ ಬದಲಾಗುತ್ತಿಲ್ಲ, 2000 ವರ್ಷ ಅದೇ ಗಾಳಿ ಅದೇ ಬಿಸಿಲು. ಆದರೂ ಒಂದು ಕಾಲದಲ್ಲಿ ದಶಕಗಟ್ಟಲೆ ಎಲ್ ನಿನೊ ಜೋರು, ಇನ್ನೊಂದು ಕಾಲದಲ್ಲಿ ಹತ್ತಾರು ವರ್ಷ ಸಪ್ಪೆ. ಎಲ್ ನಿನೊದ ಸ್ವಭಾವ ಖಚಿತವಾಗಿ ಹೇಳಲು 500 ವರ್ಷದ ದಾಖಲೆಯಾದರೂ ಬೇಕಾಗಬಹುದು ಅನ್ನುವಲ್ಲಿಗೆ ಅವರು ಬಂದರು. ನಮ್ಮ ಹತ್ತಿರ ನಂಬಬಹುದಾದ ಅಳತೆ ಹೆಚ್ಚೆಂದರೆ 150 ವರ್ಷದ್ದು. ಅದರಲ್ಲೂ ಮೊದಲ ಅರ್ಧ ಹಡಗುಗಳು ಹೋದ ದಾರಿಯಲ್ಲಿ ಮಾತ್ರ.

ಹಾಗಾಗಿ ಮಾಡೆಲ್ ತಪ್ಪು ಅಂತ ಹೇಳುವ ಮೊದಲು, ನಮ್ಮ 150 ವರ್ಷ ಒಂದು ವಿಚಿತ್ರ ತುಂಡೇ ಆಗಿರಬಹುದಾ ಅಂತಲೂ ಕೇಳಬೇಕು.

#10 ಉಪ್ಪುನೀರು

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ನಾನು ಕಂಪ್ಯೂಟರ್ ಕಡೆಯವನಲ್ಲ, ಹಡಗಿನಲ್ಲಿ ಅಳತೆ ಮಾಡುವ ಕೆಲಸ ಮಾಡಿದವನು. ಎಲ್ಲರೂ "ನಿಜದ ಗೆರೆ" ಅನ್ನುತ್ತಿದ್ದೀರಿ. ಆ ಗೆರೆ ಹೇಗೆ ಹುಟ್ಟಿತು ಅಂತ ಹೇಳಲೇಬೇಕು ಅನ್ನಿಸಿತು.

ಹಿಂದೆ ಕಡಲ ಮೇಲ್ಮೈ ತಾಪಮಾನ ಅಳೆಯಲು ಹಗ್ಗಕ್ಕೆ ಬಕೆಟ್ ಕಟ್ಟಿ ಇಳಿಸಿ, ನೀರೆತ್ತಿ, ಅದರಲ್ಲಿ ಥರ್ಮಾಮೀಟರ್ ಅದ್ದುತ್ತಿದ್ದರು. ಕ್ಯಾನ್ವಾಸ್ ಬಕೆಟ್ ಆದರೆ ಡೆಕ್ ಮೇಲೆ ಗಾಳಿಗೆ ನೀರು ಆರುತ್ತಾ ತಣ್ಣಗಾಗುತ್ತದೆ. ಓದುವುದು ನಾಲ್ಕು ನಿಮಿಷ ತಡವಾದರೆ ಅಂಕಿಯೇ ಬೇರೆ. ಆಮೇಲೆ ಕೆಲವು ಹಡಗುಗಳು ಎಂಜಿನ್ ತಂಪು ಮಾಡಲು ಒಳಗೆ ಎಳೆದುಕೊಳ್ಳುವ ನೀರನ್ನು ಅಳೆಯತೊಡಗಿದವು. ಅದು ಎಂಜಿನ್ ಕೋಣೆಯ ಬಿಸಿಗೆ ಸ್ವಲ್ಪ ಜಾಸ್ತಿ ತೋರಿಸುತ್ತದೆ. 1945ರಲ್ಲಿ ದಾಖಲೆಯ ತಾಪಮಾನ ತಟ್ಟನೆ ಕೆಳಗೆ ಬೀಳುತ್ತದೆ. ಬಹಳ ಕಾಲ ಅದನ್ನು ಹವಾಮಾನದ್ದೇ ಏರಿಳಿತ ಅಂದುಕೊಂಡಿದ್ದರು. ಯುದ್ಧ ಮುಗಿದಾಗ ಬಹುಪಾಲು ಅಳತೆಗಳು ಯಾವ ದೇಶದ ಹಡಗುಗಳಿಂದ ಬರುತ್ತಿದ್ದವೋ ಅದು ಬದಲಾಯಿತು, ಅಳೆಯುವ ವಿಧಾನವೂ ಅದರೊಂದಿಗೆ ಬದಲಾಯಿತು, ಬಿದ್ದಿದ್ದು ಅದಕ್ಕೆ ಅಂತ 2008ರಲ್ಲಿ ತೋರಿಸಿದರು. ಬಕೆಟ್‌ನ ಕಥೆ ತಿಳಿಯದೆ ಆ ಇಳಿತಕ್ಕೆ ಮಾಡೆಲ್ ಹೊಂದಿಸಲು ಹೋದರೆ, ಹೊಂದಿಸುವುದು ಕಡಲಿಗಲ್ಲ, ಬಕೆಟ್ಟಿಗೆ.

ಆಳದ ಅಳತೆ ಇನ್ನೂ ಕಷ್ಟ. ತಾಪಮಾನ, ಉಪ್ಪಿನಂಶ ಅಳೆಯುವ ಸಿಟಿಡಿಯನ್ನು ಕೇಬಲಿಗೆ ಕಟ್ಟಿ ಸೆಕೆಂಡಿಗೆ ಹೆಚ್ಚುಕಡಿಮೆ 1 ಮೀಟರ್ ವೇಗದಲ್ಲಿ ಬಿಡುತ್ತೇವೆ. 4000 ಮೀಟರ್ ಅಂದರೆ ಇಳಿಯಲೇ ಗಂಟೆಗೂ ಜಾಸ್ತಿ, ಏರಲು ಅದಕ್ಕಿಂತ ಜಾಸ್ತಿ. ವಿಂಚ್ ತಿರುಗುತ್ತಲೇ ಇರುತ್ತದೆ, ಹಡಗು ಒಂದೇ ಜಾಗದಲ್ಲಿ ತೊನೆಯುತ್ತಿರುತ್ತದೆ, ಪರದೆಯ ಮೇಲೆ ಒಂದು ಗೆರೆ ನಿಧಾನವಾಗಿ ಕೆಳಗಿಳಿಯುತ್ತದೆ. ಹೀಗೆ ಒಂದು ಸಾಗರವನ್ನು ದಾಟಲು ವಾರಗಳು ಬೇಕು. ಆರ್ಗೊ ತೇಲುಯಂತ್ರಗಳು ಬಂದದ್ದು 2000ದ ಆಸುಪಾಸಿನಲ್ಲಿ. ಈಗ ಸುಮಾರು 4000 ಇವೆ, 10 ದಿನಕ್ಕೊಮ್ಮೆ 2000 ಮೀಟರ್‌ನಿಂದ ಮೇಲೆ ಬಂದು ಉಪಗ್ರಹಕ್ಕೆ ಲೆಕ್ಕ ಒಪ್ಪಿಸಿ ಮತ್ತೆ ಮುಳುಗುತ್ತವೆ. ಅದಕ್ಕಿಂತ ಹಿಂದಿನ ಆಳದ ಕಡಲು ಅಂದರೆ ಅಲ್ಲೊಂದು ಇಲ್ಲೊಂದು ಚುಕ್ಕಿ.

#11 ಹೊಸಬ_7

ಉಪ್ಪುನೀರು ಸರ್, ಅದನ್ನು ಓದಿ ಮೈ ಜುಂ ಅಂತು. ಅಟ್ಲಾಂಟಿಕ್‌ನ ದೊಡ್ಡ ಪ್ರವಾಹ ನಿಂತೇಹೋಗುತ್ತದೆ ಅಂತ ಆಗಾಗ ಸುದ್ದಿ ಬರುತ್ತದಲ್ವಾ, ಅದನ್ನೂ ಹೀಗೇ ಅಳೆದದ್ದಾ?

#12 ಉಪ್ಪುನೀರು

ಹೌದು. ಆ ಕಥೆ ಈ ಚರ್ಚೆಗೆ ಸರಿಯಾಗಿ ಕೂರುತ್ತದೆ.

ಅಮಾಕ್ ಅನ್ನುತ್ತಾರೆ ಅದನ್ನು. ಮೇಲೆ ಬಿಸಿನೀರು ಉತ್ತರಕ್ಕೆ ಹೋಗುತ್ತದೆ, ಅಲ್ಲಿ ತಣಿದು ಭಾರವಾಗಿ ಮುಳುಗಿ ಆಳದಲ್ಲಿ ದಕ್ಷಿಣಕ್ಕೆ ಮರಳುತ್ತದೆ. ಅಳೆಯುವುದು ಸ್ವೆರ್ಡ್ರಪ್ ಲೆಕ್ಕದಲ್ಲಿ, 1 ಸ್ವೆರ್ಡ್ರಪ್ ಅಂದರೆ ಸೆಕೆಂಡಿಗೆ 10 ಲಕ್ಷ ಘನ ಮೀಟರ್ ನೀರು. ಸುಮಾರು 25 ಡಿಗ್ರಿ ಉತ್ತರದಲ್ಲಿ ಹಡಗುಗಳು ಸಾಗರ ದಾಟಿ ಇದನ್ನು ಅಳೆದದ್ದು ಐದು ಸಲ: 1957, 1981, 1992, 1998, 2004. ಹ್ಯಾರಿ ಬ್ರೈಡನ್ ತಂಡ ಆ ಐದನ್ನೂ ಜೋಡಿಸಿ, ಪ್ರವಾಹ ಸುಮಾರು 30 ಶೇಕಡ ಕುಗ್ಗಿದೆ ಅಂತ 2005ರಲ್ಲಿ ಬರೆದರು. ಲೋಕವೆಲ್ಲ ಬೆಚ್ಚಿಬಿತ್ತು.

ಅಷ್ಟರಲ್ಲಿ 2004ರಲ್ಲೇ 26.5 ಡಿಗ್ರಿ ಉತ್ತರದಲ್ಲಿ ರ‍್ಯಾಪಿಡ್ ಅನ್ನುವ ಸಾಲು ಹಾಕಿದ್ದರು. ತಳಕ್ಕೆ ಕಟ್ಟಿದ ತಂತಿಗಳು, ಅವುಗಳ ಮೇಲೆ ಉಪಕರಣಗಳು, ಹಗಲೂ ರಾತ್ರಿ ಅಳತೆ. ಮೊದಲ ಒಂದೇ ವರ್ಷದಲ್ಲಿ ಪ್ರವಾಹ 4 ಸ್ವೆರ್ಡ್ರಪ್‌ನಿಂದ 35ರವರೆಗೆ ಹೊಯ್ದಾಡಿತ್ತು. ಐದು ಹಡಗುಗಳು 50 ವರ್ಷದಲ್ಲಿ ಕಂಡ ವ್ಯತ್ಯಾಸಕ್ಕಿಂತ ಒಂದು ವರ್ಷದ ಒಳಗಿನ ಹೊಯ್ದಾಟವೇ ಜಾಸ್ತಿ! ಆ ತಂಡ ಅದನ್ನು ಮುಚ್ಚಿಡಲಿಲ್ಲ. ಹೊಸ ಅಳತೆಯ ಬರಹದಲ್ಲೂ ಬ್ರೈಡನ್ ಇದ್ದರು. ಅದಕ್ಕೇ ನನಗೆ ಅವರ ಬಗ್ಗೆ ತುಂಬಾ ಗೌರವ.

ಮುಂದಿನದರ ಬಗ್ಗೆ ಕೇಳಿದ್ದೀರಿ. ಈ ಶತಮಾನದಲ್ಲಿ ಪ್ರವಾಹ ದುರ್ಬಲವಾಗುವ ಸಾಧ್ಯತೆ ಬಹಳ ಹೆಚ್ಚು, 2100ಕ್ಕೆ ಮೊದಲೇ ಧಡಕ್ಕನೆ ಕುಸಿಯುವುದಿಲ್ಲ ಅನ್ನುವುದಕ್ಕೆ ಮಧ್ಯಮ ಮಟ್ಟದ ಭರವಸೆ ಇದೆ ಅಂತ ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ 2021ರ ವರದಿ ಹೇಳಿತು. ಆಮೇಲೆ ಬಂದ ಕೆಲವು ಅಧ್ಯಯನಗಳು ಅಷ್ಟು ನಿರಾಳವಾಗಿಲ್ಲ.

#13 ಹೊಸಬ_7

ಮಾಡೆಲ್‌ನಲ್ಲಿ ಕಡಲು ಹೇಗಿರುತ್ತದೆ? ನಿಜವಾದ ಕಡಲಿನ ಥರ ಸುಳಿಗಳೆಲ್ಲ ಇರುತ್ತವಾ?

#14 ನಿಧಾನಿ

ಬಹಳಷ್ಟು ಮಾಡೆಲ್‌ಗಳಲ್ಲಿ ಇರುವುದಿಲ್ಲ, ಅದೇ ದೊಡ್ಡ ಕೊರತೆ.

ಕಡಲನ್ನು ಚೌಕಗಳಾಗಿ ಕತ್ತರಿಸುತ್ತಾರೆ, ಆಳಕ್ಕೆ ಪದರಗಳಾಗಿ. ಸಾಮಾನ್ಯವಾಗಿ ಚೌಕದ ಬದಿ 1 ಡಿಗ್ರಿ, ಸಮಭಾಜಕದಲ್ಲಿ ಸುಮಾರು 111 ಕಿಲೋಮೀಟರ್. ಕಡಲಿನ ಸುಳಿಗಳು ಹತ್ತಾರು ಕಿಲೋಮೀಟರಿನಿಂದ ನೂರು ಕಿಲೋಮೀಟರಿನವರೆಗೆ, ಧ್ರುವದ ಕಡೆ ಹೋದಂತೆ ಇನ್ನೂ ಚಿಕ್ಕವು. ಅಷ್ಟು ದೊಡ್ಡ ಕಣ್ಣಿನ ಬಲೆಯಲ್ಲಿ ಸುಳಿ ಸಿಗುವುದಿಲ್ಲ. ಆದರೆ ಬಿಸಿಯನ್ನು, ಉಪ್ಪನ್ನು ಅತ್ತಿತ್ತ ಸಾಗಿಸುವುದರಲ್ಲಿ ಅವುಗಳ ಪಾಲು ದೊಡ್ಡದು. ಹಾಗಾಗಿ ಕಾಣದ ಸುಳಿಗಳ ಒಟ್ಟು ಪರಿಣಾಮವನ್ನು ಒಂದು ಸೂತ್ರದಲ್ಲಿ ಹಿಡಿದಿಡುತ್ತಾರೆ. 1990ರಲ್ಲಿ ಪೀಟರ್ ಜೆಂಟ್, ಜೇಮ್ಸ್ ಮೆಕ್‌ವಿಲಿಯಮ್ಸ್ ಕೊಟ್ಟ ಸೂತ್ರ ಇವತ್ತಿಗೂ ಎಲ್ಲ ಕಡೆ ಓಡುತ್ತಿದೆ. ಅದಕ್ಕೂ ಮುಂಚಿನ ಜೋಡಿ ಮಾಡೆಲ್‌ಗಳಲ್ಲಿ ಕಡಲು ನಿಧಾನವಾಗಿ ದಾರಿ ತಪ್ಪಿ ಹೋಗುತ್ತಿತ್ತು. ಅದನ್ನು ತಡೆಯಲು ಕಡಲು ಮತ್ತು ಗಾಳಿಯ ನಡುವೆ ಕೈಯಾರೆ ಬಿಸಿಯನ್ನೋ ಸಿಹಿನೀರನ್ನೋ ಸೇರಿಸುತ್ತಿದ್ದರು. 1990ರ ದಶಕದ ಕೊನೆಗೆ ಆ ಊರುಗೋಲು ಬಿಟ್ಟು ನಡೆಯುವ ಮಾಡೆಲ್‌ಗಳು ಬಂದವು. ನನ್ನ ಮಟ್ಟಿಗೆ ಅದು ಬಹಳ ದೊಡ್ಡ ಹೆಜ್ಜೆ.

ಚೌಕ ಚಿಕ್ಕದು ಮಾಡಿದರೆ ಆಗದಾ ಅಂತ ಕೇಳುತ್ತೀರಿ. ಬದಿ ಅರ್ಧ ಮಾಡಿದರೆ ಚೌಕಗಳು ನಾಲ್ಕು ಪಟ್ಟು, ಕಾಲದ ಹೆಜ್ಜೆಯೂ ಅರ್ಧವಾಗಬೇಕು, ಒಟ್ಟು ಎಂಟು ಪಟ್ಟು ಕೆಲಸ. ಸುಳಿ ಸ್ಪಷ್ಟವಾಗಿ ಕಾಣಲು 1 ಡಿಗ್ರಿಯಿಂದ 0.1 ಡಿಗ್ರಿಗೆ ಬಂದರೆ ಸಾವಿರ ಪಟ್ಟು. ಅದೇ ಕಂಪ್ಯೂಟರ್ ಸಮಯದಲ್ಲಿ ಸುಳಿ ಕಾಣುವ ಒಂದು ಓಟ ಬೇಕಾ, ಸುಳಿ ಇಲ್ಲದ ನೂರಾರು ಓಟ ಬೇಕಾ? ಇದು ಪ್ರತಿ ತಂಡದಲ್ಲೂ ನಡೆಯುವ ವಾದ. ಏರಿಳಿತದ ಅಧ್ಯಯನಕ್ಕೆ ನಾನು ಜಾಸ್ತಿ ಓಟಗಳ ಕಡೆ ನಿಲ್ಲುತ್ತೇನೆ.

#15 ಉಪ್ಪುನೀರು

ನಾನು ಒಪ್ಪುವುದಿಲ್ಲ ನಿಧಾನಿ ಅವರೇ. ಸುಳಿ ಇಲ್ಲದ ಕಡಲು 100 ಸಲ ಓಡಿದರೂ ಅದು ಸುಳಿ ಇಲ್ಲದ ಕಡಲೇ. ಹಡಗಿನ ಪಕ್ಕದಲ್ಲಿ ಒಂದು ಸುಳಿ ಹಾದುಹೋಗುವಾಗ ಅಳತೆಯ ಗೆರೆ ಹೇಗೆ ತಿರುಗುತ್ತದೆ ಅಂತ ನೋಡಿದ್ದೇನೆ. ಕೆಲವು ನೂರು ಮೀಟರ್ ಆಳದವರೆಗೆ ನೀರೇ ಬೇರೆ. ಅದನ್ನು ಒಂದು ಸೂತ್ರಕ್ಕೆ ಇಳಿಸಿದರೆ ಏರಿಳಿತದ ಒಂದು ಮೂಲವನ್ನೇ ಕಳೆದುಕೊಂಡಂತೆ.

#16 ನಿಧಾನಿ

ನಿಮ್ಮ ಮಾತಿನಲ್ಲಿ ಸತ್ಯವಿದೆ. ಅಮಾಕ್‌ನ ದಶಕಗಳ ಏರಿಳಿತ ಬಹಳ ಮಾಡೆಲ್‌ಗಳಲ್ಲಿ ಅಳತೆಗಿಂತ ಚಿಕ್ಕದಾಗಿ ಬರುತ್ತದೆ ಅನ್ನುವುದನ್ನು ನಾನೂ ಒಪ್ಪುತ್ತೇನೆ.

#17 ಎದುರುಗಾಳಿ

ಹಾಗಾದರೆ ಪೆಸಿಫಿಕ್ ವಿಷಯವನ್ನೂ ಹೇಳಿಬಿಡಿ. ಕಳೆದ 40 ವರ್ಷದಲ್ಲಿ ಪೂರ್ವ ಪೆಸಿಫಿಕ್‌ನ ತಂಪು ನಾಲಿಗೆ (ಸಮಭಾಜಕದ ಗುಂಟ ಪಶ್ಚಿಮಕ್ಕೆ ಚಾಚಿರುವ ತಣ್ಣೀರಿನ ಪಟ್ಟೆ) ಬಹುತೇಕ ಮಾಡೆಲ್ ಹೇಳಿದಷ್ಟು ಬಿಸಿಯಾಗಿಲ್ಲ. ವಾಣಿಜ್ಯ ಮಾರುತ ಸಡಿಲವಾಗಬೇಕಿತ್ತು, ಬದಲಿಗೆ ಬಲವಾಗಿದೆ. ಇದೂ ಸ್ವಂತ ಏರಿಳಿತ ಅಂತ ಹೇಳುತ್ತೀರಾ?

#18 ಲೆಕ್ಕದಮನೆ

ಇಲ್ಲ, ಅಷ್ಟು ಸುಲಭವಾಗಿ ಹೇಳುವುದಿಲ್ಲ. ನೂರಾರು ಓಟಗಳಲ್ಲಿ ನಿಜದ ಮಾದರಿಗೆ ಹತ್ತಿರ ಬರುವುದು ಬೆರಳೆಣಿಕೆ ಮಾತ್ರ. ಅಂದರೆ ಈ ಎರಡರಲ್ಲಿ ಯಾವುದೋ ಒಂದು ನಿಜ. ನಮಗೆ ಬಹಳ ಅಪರೂಪದ 40 ವರ್ಷ ಸಿಕ್ಕಿದೆ, ಅಥವಾ ಮಾಡೆಲ್‌ಗಳೆಲ್ಲ ಒಂದೇ ಥರ ತಪ್ಪುತ್ತಿವೆ. ಬಹುತೇಕ ಮಾಡೆಲ್‌ಗಳಲ್ಲಿ ಆ ತಂಪು ನಾಲಿಗೆ ಪಶ್ಚಿಮಕ್ಕೆ ಜಾಸ್ತಿ ಚಾಚಿರುತ್ತದೆ, ಅದು ದಶಕಗಳಿಂದ ಗೊತ್ತಿರುವ ದೋಷ. ನನ್ನ ಒಲವು ಎರಡನೆಯದರ ಕಡೆ ಸ್ವಲ್ಪ ವಾಲಿದೆ. ಇದು ಈಗಲೂ ಬಗೆಹರಿಯದ ಪ್ರಶ್ನೆ. ನೀವು ಮೊದಲು ಕೇಳಿದ್ದಕ್ಕೆ ಉತ್ತರವೂ ಇಲ್ಲೇ ಇದೆ ನೋಡಿ. ಮಾಡೆಲ್ ತಪ್ಪು ಅಂತ ತೋರಿಸುವ ದಾರಿ ಇದೆ, ಆ ದಾರಿಯಲ್ಲೇ ಈಗ ನಿಂತಿದ್ದೇವೆ.

#19 ಎದುರುಗಾಳಿ

ಸರಿ. ಇಷ್ಟು ನೇರವಾಗಿ ಹೇಳಿದ್ದಕ್ಕೆ ಧನ್ಯವಾದ. ಇನ್ನೊಂದೇ ಪ್ರಶ್ನೆ. ದೋಷ ಇರುವ ಮಾಡೆಲ್‌ನಿಂದ ಕಾರಣ ಹುಡುಕುವುದು ಹೇಗೆ?

#20 ಲೆಕ್ಕದಮನೆ

ಒಂದೊಂದೇ ಭಾಗವನ್ನು ಕಳಚಿ ನೋಡುವುದರಿಂದ. ನಿಜವಾದ ಕಡಲಿನಲ್ಲಿ ಪ್ರವಾಹವನ್ನು ನಿಲ್ಲಿಸಿ ನೋಡಲು ಆಗುವುದಿಲ್ಲ, ಮಾಡೆಲ್‌ನಲ್ಲಿ ಆಗುತ್ತದೆ.

2013ರಲ್ಲಿ ಯು ಕೊಸಾಕಾ, ಶಾಂಗ್-ಪಿಂಗ್ ಶೀ ಹೀಗೆ ಮಾಡಿದರು. 1998ರ ನಂತರ ಸುಮಾರು 15 ವರ್ಷ ಭೂಮಿಯ ತಾಪಮಾನ ನಿಧಾನವಾಗಿ ಏರಿತ್ತು, ಯಾಕೆ ಅಂತ ಎಲ್ಲರೂ ಕೇಳುತ್ತಿದ್ದ ಕಾಲ. ಪೂರ್ವ ಪೆಸಿಫಿಕ್‌ನ ಉಷ್ಣವಲಯದ ತುಂಡಿನಲ್ಲಿ ಮಾತ್ರ ನಿಜದ ಕಡಲ ತಾಪಮಾನವನ್ನು ಮಾಡೆಲ್‌ಗೆ ತಿನ್ನಿಸಿದರು. ಭೂಮಿಯ ಮೇಲ್ಮೈಯ ಸುಮಾರು 8 ಶೇಕಡ ಜಾಗ ಅದು, ಉಳಿದ 92 ಶೇಕಡ ಬಿಟ್ಟಂತೆ ಬಿಟ್ಟರು. ಇಡೀ ಭೂಮಿಯ ಸರಾಸರಿ ಅಳತೆಯ ಗೆರೆಯ ಹಿಂದೆಯೇ ಬಂತು.

ಇನ್ನೊಂದು, 2015ರದು, ಏಮಿ ಕ್ಲೆಮೆಂಟ್ ತಂಡದ್ದು. ಉತ್ತರ ಅಟ್ಲಾಂಟಿಕ್ ದಶಕಗಟ್ಟಲೆ ಬಿಸಿ, ದಶಕಗಟ್ಟಲೆ ತಂಪು ಆಗುವುದಕ್ಕೆ ಆಳದ ಪ್ರವಾಹವೇ ಕಾರಣ ಅಂತ ಬಹಳ ಜನ ನಂಬಿದ್ದರು. ಇವರು ಪ್ರವಾಹವೇ ಇಲ್ಲದ, ಬರೀ ಒಂದು ಪದರ ನೀರಿನ ಕಡಲು ಇಟ್ಟು ಓಡಿಸಿದರು. ಅದೇ ಥರದ ಬಿಸಿ-ತಂಪಿನ ಚಿತ್ರ ಬಂತು! ದೊಡ್ಡ ವಾದವೇ ಎದ್ದಿತು. ನಿಜದಲ್ಲಿ ಬಿಸಿ ಕಡಲಿನಿಂದ ಗಾಳಿಗೆ ಹೋಗುತ್ತಿದೆಯೋ ಗಾಳಿಯಿಂದ ಕಡಲಿಗೋ, ಉಪ್ಪಿನಂಶ ಏನು ಹೇಳುತ್ತದೆ, ಅದನ್ನೆಲ್ಲ ನೋಡಿದರೆ ಪ್ರವಾಹವನ್ನು ಬಿಡಲಾಗದು ಅಂತ ಬೇರೆಯವರು ತೋರಿಸಿದರು. ಹೊಗೆಯ ಕಣಗಳ ಪಾಲು ದೊಡ್ಡದು ಅನ್ನುವವರೂ ಇದ್ದಾರೆ. ಮುಗಿದಿಲ್ಲ.

ಒಂದು ಪದರ ನೀರಿನಿಂದಲೂ ದಶಕಗಳ ಏರಿಳಿತ ಹೇಗೆ ಹುಟ್ಟುತ್ತದೆ ಅನ್ನುವುದಕ್ಕೆ ಕ್ಲಾಸ್ ಹಾಸೆಲ್‌ಮನ್ 1976ರಲ್ಲೇ ಉತ್ತರ ಕೊಟ್ಟಿದ್ದರು. ಕಡಲಿನ ಮೇಲಿನ ಎರಡೂವರೆ ಮೀಟರ್ ನೀರು ಹಿಡಿಯುವ ಬಿಸಿ, ಅದರ ಮೇಲಿನ ಪೂರ್ತಿ ಗಾಳಿ ಹಿಡಿಯುವಷ್ಟು. ಕಡಲು ಅಷ್ಟು ಭಾರ. ಗಾಳಿ ದಿನಾ ಅತ್ತಿತ್ತ ಚಿಕ್ಕ ಚಿಕ್ಕ ತಳ್ಳು ಕೊಡುತ್ತದೆ, ಕಡಲು ಅವನ್ನೆಲ್ಲ ಕೂಡಿಟ್ಟುಕೊಳ್ಳುತ್ತಾ ಹೋಗುತ್ತದೆ. ಯಾವ ಲಯವೂ ಇಲ್ಲದ ತಳ್ಳುಗಳಿಂದ ನಿಧಾನದ ದೊಡ್ಡ ಏರಿಳಿತ ಹುಟ್ಟುತ್ತದೆ. 2021ರ ಭೌತಶಾಸ್ತ್ರದ ನೊಬೆಲ್ ಮನಾಬೆ, ಹಾಸೆಲ್‌ಮನ್, ಜಾರ್ಜಿಯೊ ಪರೀಸಿ ಮೂವರಿಗೂ ಬಂದಾಗ ನನಗೆ ಮನೆಯವರಿಗೇ ಬಂದಷ್ಟು ಖುಷಿಯಾಗಿತ್ತು.

#21 ಅಲೆಗಣಕ

ಹತ್ತು ದಿನ ಆಯಿತು, ಕೆಲಸ ಮಾಡಿಕೊಂಡು ಬಂದಿದ್ದೇನೆ.

ಅದೇ ಮಾಡೆಲ್‌ನ ಕಂಟ್ರೋಲ್ ರನ್ ಇಳಿಸಿದೆ, 500 ವರ್ಷ. 30 ವರ್ಷದ ತುಂಡುಗಳಾಗಿ ಕತ್ತರಿಸಿ ಪ್ರತಿ ತುಂಡಿನಲ್ಲಿ ನಿನೊ 3.4 ಎಷ್ಟು ಹೊಯ್ದಾಡುತ್ತದೆ ಅಂತ ನೋಡಿದೆ. ನಿಧಾನಿ ಅವರು ಹೇಳಿದ ಹಾಗೇ. ಒಂದು ತುಂಡಿನಲ್ಲಿ ದೊಡ್ಡ ಎಲ್ ನಿನೊಗಳು ಬೆನ್ನುಬೆನ್ನಿಗೆ, ಇನ್ನೊಂದರಲ್ಲಿ ಗೆರೆ ಮಲಗಿಬಿಟ್ಟಿದೆ. ಎರಡನ್ನೂ ಹೆಸರಿಲ್ಲದೆ ಕೊಟ್ಟಿದ್ದರೆ ಎರಡು ಬೇರೆ ಮಾಡೆಲ್ ಅಂತ ಹೇಳುತ್ತಿದ್ದೆ.

ಆಮೇಲೆ ಉಪ್ಪುನೀರು ಸರ್ ಹೇಳಿದ ಐದು ಹಡಗುಗಳ ಕಥೆ ತಲೆಯಿಂದ ಹೋಗಲಿಲ್ಲ. ಕಂಟ್ರೋಲ್ ರನ್‌ನಲ್ಲಿ 26.5 ಡಿಗ್ರಿ ಉತ್ತರದ ಪ್ರವಾಹದ ತಿಂಗಳ ಅಂಕಿ ತೆಗೆದೆ. ನಾನೂ ಐದೇ ತಿಂಗಳು ಆರಿಸಿಕೊಂಡೆ, ನಡುವೆ 24, 11, 6, 6 ವರ್ಷದ ಅಂತರ, ಹಡಗುಗಳದ್ದೇ ಅಂತರ. ಐದು ಚುಕ್ಕಿಯ ಮೇಲೆ ನೇರ ಗೆರೆ ಎಳೆದೆ. ಶುರುವಿನ ವರ್ಷ, ತಿಂಗಳು ಬದಲಿಸುತ್ತಾ ಸಾವಿರಾರು ಸಲ ಮಾಡಿದೆ. ಏನೂ ಬದಲಾಗದ ಆ ಲೋಕದಲ್ಲಿ ಎಷ್ಟೋ ಸಲ ಪ್ರವಾಹ ಕುಸಿಯುತ್ತಿರುವಂತೆ ಕಾಣುತ್ತದೆ, ಅಷ್ಟೇ ಸಲ ಬೆಳೆಯುತ್ತಿರುವಂತೆ. ತಿಂಗಳು ತಿಂಗಳಿಗೆ ಆಗುವ ಮಾಮೂಲು ಏರಿಳಿತ ಕಳೆದ ಮೇಲೆ ಗೆರೆಗಳು ಸ್ವಲ್ಪ ಚಪ್ಪಟೆಯಾದವು, ಆದರೆ ಪೂರ್ತಿ ಅಲ್ಲ.

ಒಂದು ಎಡವಟ್ಟು ಹೇಳಿಬಿಡುತ್ತೇನೆ, ಬೇರೆಯವರಿಗೆ ಉಪಯೋಗಕ್ಕೆ ಬರಲಿ. ಮೊದಲು ಮಾಡಿದಾಗ ಕುಸಿತಗಳೇ ಜಾಸ್ತಿ ಬರುತ್ತಿದ್ದವು. ಕಾರಣ, ಆ ರನ್‌ನಲ್ಲಿ ಆಳದ ಕಡಲು ಇನ್ನೂ ನೆಲೆಗೆ ನಿಂತಿರಲಿಲ್ಲ, 500 ವರ್ಷವೂ ಒಂದೇ ಕಡೆ ಸ್ವಲ್ಪ ಸ್ವಲ್ಪ ಜರುಗುತ್ತಿತ್ತು. ಆ ಜರುಗುವಿಕೆಯನ್ನು ತೆಗೆದ ಮೇಲೆ ಎರಡೂ ಕಡೆ ಸಮವಾಯಿತು.

#22 ಉಪ್ಪುನೀರು

ಬಹಳ ಚೆನ್ನಾಗಿದೆ. ಒಂದು ಮಾತು ಗಮನದಲ್ಲಿರಲಿ. ನೀವು ತೆಗೆದುಕೊಂಡದ್ದು ತಿಂಗಳ ಸರಾಸರಿ, ಅಂದರೆ ದಿನದಿನದ ಹೊಯ್ದಾಟ ಆಗಲೇ ಸವೆದುಹೋಗಿದೆ. ಜೊತೆಗೆ ನಿಮ್ಮ ಮಾಡೆಲ್‌ನಲ್ಲಿ ಸುಳಿಗಳಿಲ್ಲ. ನಿಜದ ಐದು ಚುಕ್ಕಿಗಳು ಇದಕ್ಕಿಂತ ಜಾಸ್ತಿ ಮೋಸ ಮಾಡಿರುತ್ತವೆ. 0.1 ಡಿಗ್ರಿಯ ಮಾಡೆಲ್‌ನ ದಿನದ ಅಂಕಿ ಎಲ್ಲಾದರೂ ಸಿಕ್ಕರೆ ಇದೇ ಲೆಕ್ಕ ಮತ್ತೊಮ್ಮೆ ಮಾಡಿ, ನಾನು ಕಾಯುತ್ತೇನೆ. ರ‍್ಯಾಪಿಡ್‌ನ ಅಂಕಿಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಅದರಿಂದಲೂ ಹಾಗೇ ಐದು ಚುಕ್ಕಿ ಆರಿಸಿ ಪಕ್ಕಕ್ಕೆ ಇಡಿ. 20 ವರ್ಷದ್ದು ಇದೆ, ಅಂತರ ಮಾತ್ರ ಕಮ್ಮಿ ಮಾಡಿಕೊಳ್ಳಬೇಕು.

#23 ನಿಧಾನಿ

ಸುಳಿ ಇರುವ ಮಾಡೆಲ್‌ಗಳ ಓಟಗಳು ಸಿಎಂಐಪಿ6ರ 'ಹೈರೆಸ್‌ಎಂಐಪಿ' ಭಾಗದಲ್ಲಿ ಸಿಗುತ್ತವೆ, 1950ರಿಂದ 2050ರವರೆಗೆ. ಅಲ್ಲಿ ಕಂಟ್ರೋಲ್ ರನ್‌ಗಳು ಚಿಕ್ಕವು, ನೂರು ವರ್ಷದಷ್ಟು ಮಾತ್ರ. ಸಾವಿರಾರು ಸಲ ಆರಿಸಿದರೂ ಅವು ಒಂದರ ಮೇಲೊಂದು ಬೀಳುತ್ತವೆ, ಸಾವಿರ ಬೇರೆ ಬೇರೆ ಉದಾಹರಣೆ ಅಂತ ಎಣಿಸಬೇಡಿ. ಫೈಲ್ ದೊಡ್ಡದು, ಪೂರ್ತಿ ಇಳಿಸಬೇಡಿ, 26.5 ಡಿಗ್ರಿಯ ಸಾಲು ಮಾತ್ರ ಕತ್ತರಿಸಿಕೊಳ್ಳಿ. ಕ್ಯಾಲೆಂಡರ್ ಕೂಡ ನೋಡಿಕೊಳ್ಳಿ, ಕೆಲವು ಮಾಡೆಲ್‌ಗಳಲ್ಲಿ ವರ್ಷಕ್ಕೆ 360 ದಿನ, ಪ್ರತಿ ತಿಂಗಳಿಗೂ 30.

#24 ಅಲೆಗಣಕ

ಆಗಲಿ. ಇವತ್ತು ರಾತ್ರಿ ರ‍್ಯಾಪಿಡ್‌ನಿಂದ ಶುರು ಮಾಡುತ್ತೇನೆ, ಅದು ಚಿಕ್ಕ ಫೈಲ್. ಎದುರುಗಾಳಿ ಅವರೇ, ಐದು ಚುಕ್ಕಿಗಳ ತಿಂಗಳನ್ನು ನೀವೇ ಆರಿಸಿ ಕೊಡುತ್ತೀರಾ? ಗ್ರಾಫ್ ನೋಡುವ ಮೊದಲೇ ಆರಿಸಿದ್ದರೆ ಒಳ್ಳೆಯದು.

#25 ಎದುರುಗಾಳಿ

2005 ಮಾರ್ಚ್, 2009 ಡಿಸೆಂಬರ್, 2012 ಜುಲೈ, 2016 ಅಕ್ಟೋಬರ್, 2020 ಮೇ. ಯಾವುದನ್ನೂ ನೋಡಿ ಆರಿಸಿಲ್ಲ, ಮನಸ್ಸಿಗೆ ಬಂದದ್ದು. ಬಂದ ಗೆರೆ ಯಾವ ಕಡೆಗಿದ್ದರೂ ಹಾಗೇ ಹಾಕಿ.